ಕೆಳಗಿನ ಮನೆಯ ಕೋಲು

ಅವರ ಕೋಲಿನ ತುದಿಗೆ ರಬ್ಬರಿನ ಟೊಪ್ಪಿ ಇರಲಿಲ್ಲ. ಅದನ್ನು ಅವರೇ ಕಿತ್ತು ಬಿಸಾಡಿದ್ದರು. ರಬ್ಬರಿದ್ದರೆ ಕೋಲು ಜಾರುವುದಿಲ್ಲ, ಸರಿ. ಆದರೆ ಬಡಿದರೆ ಸದ್ದೂ ಬರುವುದಿಲ್ಲ, ಸದ್ದು ಮಾಡದ ಕೋಲು ಇದ್ದೇನು ಬಂತು ಎಂಬುದು ಅವರ ವಾದ. ಆ ಬೋಳು ತುದಿಯಿಂದ ತಮ್ಮ ಮನೆಯ ಸೂರನ್ನು, ಅಂದರೆ ನನ್ನ ಕೋಣೆಯ ನೆಲವನ್ನು, ಕೆಳಗಿಂದ ಬಡಿದೂ ಬಡಿದೂ ಅಲ್ಲಿ ಅಂಗೈಯಗಲ ಸುಣ್ಣ ಉದುರಿಹೋಗಿತ್ತು. ಉದುರಿದ ಪುಡಿ ಅವರ ತಲೆಯ ಮೇಲೇ ಕೂತಿರುತ್ತಿತ್ತು. ಕೂದಲು ಯಾವುದು, ಸುಣ್ಣ ಯಾವುದು ಎಂದು ಹೇಳುವುದು ಕಷ್ಟ.

ಕೆಳಗಿನ ಮನೆ ಅಜ್ಜಿ ಎಂದೇ ನಾನು ಅವರನ್ನು ಕರೆಯುತ್ತಿದ್ದುದು. ನೆದರ್ಲೆಂಡ್ಸಿನ ಒಂದು ವಿಶ್ವವಿದ್ಯಾಲಯದ ಊರಿಗೆ ಪಿಎಚ್.ಡಿ. ಮಾಡಲು ಹೋದವಳಿಗೆ ಸಿಕ್ಕ ಬಾಡಿಗೆ ಕೋಣೆ ಅವರ ನೆತ್ತಿಯ ಮೇಲಿತ್ತು. ಮೊದಲ ಎಷ್ಟೋ ದಿನ ಅವರ ಮುಖವನ್ನೇ ನೋಡಿರಲಿಲ್ಲ.

ನನ್ನ ಕಥೆಯನ್ನು ಸ್ವಲ್ಪ ಹೇಳದಿದ್ದರೆ ಅವರ ಉಪಕಾರ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ನಮ್ಮದು ಚಿಕ್ಕರಸಿನಕೆರೆಯ ಪಕ್ಕದ ಹಳ್ಳಿ, ನಾಲೆಯ ಕೊನೇ ಭಾಗ. ನಮ್ಮಲ್ಲಿಗೆ ನೀರಿಗಿಂತ ಮೊದಲು ಜಗಳ ಬಂದು ಮುಟ್ಟುತ್ತದೆ. ಬೆಳಗ್ಗೆ ತೂಬಿನ ಹತ್ತಿರ ಊರು ಕಿತ್ತುಹೋಗುವಂತೆ ಕೂಗಾಡಿದವರು ಮಧ್ಯಾಹ್ನ ಬಾಡೂಟದ ಪಂಕ್ತಿಯಲ್ಲಿ ಮೈಗೆ ಮೈ ತಾಗಿಸಿ ಕೂತು ಉಣ್ಣುತ್ತಾರೆ. ದನಿ ಜೋರಾಗಿದ್ದರೆ ಎಲ್ಲ ಸರಿಯಾಗಿದೆ ಎಂದು ಅರ್ಥ. ಯಾರಾದರೂ ಮೆತ್ತಗೆ ಮಾತಾಡಿದರೆ ಮಾತ್ರ ಭಯ. ಅಂಥ ಊರಿನಿಂದ ಬಂದು, ಮಳವಳ್ಳಿಯಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಪರವೋ ವಿರೋಧವೋ, ಯಾವ ಕಡೆ ನಿಲ್ಲಿಸಿದರೂ ಎದುರಿನವರ ಮೊದಲ ಮಾತನ್ನೇ ಹಿಡಿದು ಬೀಳಿಸುತ್ತಿದ್ದೆ. ದೇವರು, ಜಾತಕ, ಶಕುನ ಯಾವುದನ್ನೂ ಆಧಾರ ಕೇಳದೆ ಬಿಟ್ಟವಳಲ್ಲ.

ಆ ನಾಲಿಗೆ ಹೊಸ ಊರಿನಲ್ಲಿ ಕೆಲವೇ ತಿಂಗಳಲ್ಲಿ ಸತ್ತುಹೋಯಿತು.

ಅಲ್ಲಿ ಎದುರುಗಾಳಿಗೆ ಸೈಕಲ್ ತುಳಿಯುವುದನ್ನು ಕಲಿತೆ. ಮಧ್ಯಾಹ್ನ ತಣ್ಣನೆಯ ಬ್ರೆಡ್ಡು ತಿಂದು ಅದನ್ನು ಊಟ ಎಂದು ಒಪ್ಪಿಕೊಳ್ಳುವುದನ್ನೂ ಕಲಿತೆ. ನನ್ನ ಸಂಶೋಧನೆ ಚೌಳು ಮಣ್ಣಿನ ಮೇಲೆ. ನಾಲೆ ನೀರು ನಿಂತೂ ನಿಂತೂ ನಮ್ಮ ಕಡೆ ಗದ್ದೆಗಳಲ್ಲಿ ಬಿಳಿ ಉಪ್ಪು ಮೇಲೇಳುತ್ತದಲ್ಲ, ಅದು. ಸಮುದ್ರದ ಮಗ್ಗುಲಿನ ಆ ದೇಶಕ್ಕೂ ಉಪ್ಪಿನದೇ ಕಾಟ, ಹಾಗಾಗಿ ವಿಷಯ ಪರದೇಶದ್ದು ಅನ್ನಿಸಲಿಲ್ಲ. ಮಾತು ಮಾತ್ರ ಪರದೇಶದ್ದಾಯಿತು. ಸೆಮಿನಾರಿನಲ್ಲಿ ನಾನು ಪ್ರಶ್ನೆ ಕೇಳಿದರೆ, ನನ್ನ ಇಂಗ್ಲಿಷು ಹಿಡಿಯದೆ, "ಸಾರಿ?" ಎನ್ನುತ್ತಿದ್ದರು. ಮತ್ತೆ ಹೇಳಿದರೆ ಮತ್ತೆ "ಸಾರಿ?" ಇನ್ನೊಮ್ಮೆ ಹೇಳುವ ಹೊತ್ತಿಗೆ ನಾನೇ ದನಿ ತಗ್ಗಿಸಿ, ನಾಲ್ಕು ಮಾತು ಸೇರಿಸಿ, ಕ್ಷಮೆಯನ್ನೂ ಕೇಳಿ, ಪ್ರಶ್ನೆಯ ಮೊನೆಯನ್ನು ನಾನೇ ಮುರಿದಿರುತ್ತಿದ್ದೆ. ಇದರ ಮೇಲೆ ಮನೆಯಲ್ಲಿ ಜೊತೆಗಿದ್ದ ಹುಡುಗಿಯರು ಬಹಳ ನಯವಾಗಿ, ನೀನು ಫೋನಿನಲ್ಲಿ ಯಾರೊಂದಿಗೋ ದಿನಾ ಜಗಳವಾಡುತ್ತೀಯ, ಎಲ್ಲ ಕ್ಷೇಮ ತಾನೆ ಎಂದು ಕೇಳಿದರು. ಜಗಳವಲ್ಲ, ಅವ್ವನ ಹತ್ತಿರ ಊಟ ಆಯಿತಾ ಎಂದು ವಿಚಾರಿಸುತ್ತಿದ್ದೆ ಎಂದರೆ ನಂಬಲಿಲ್ಲ. ಅಂದಿನಿಂದ ಅವ್ವನೊಂದಿಗೂ ಪಿಸುಮಾತು. ಪ್ರಯೋಗಾಲಯದಲ್ಲಿ ಅದೂ ಇಲ್ಲ.

ಕೊನೆಗೆ ನನ್ನ ಗೈಡು ಕರೆದು ಕೂರಿಸಿದರು. ವರ್ಷದ ಕೊನೆಗೆ ಸಮಿತಿಯ ಮುಂದೆ ನಿನ್ನ ಕೆಲಸವನ್ನು ಸಮರ್ಥಿಸಿಕೊಳ್ಳಬೇಕು, ಅವರು ಮುಂದುವರಿಸು ಎಂದರೆ ಉಂಟು, ಇಲ್ಲವಾದರೆ ಊರಿಗೆ ವಾಪಸು. ಬರೆದದ್ದು ಚೆನ್ನಾಗಿದೆ, ಆದರೆ ನೀನು ಮಾತೇ ಆಡುವುದಿಲ್ಲವಲ್ಲ, ಎಂದರು. ಮಾತಾಡುವುದಿಲ್ಲ ಎಂಬ ದೂರು! ನಮ್ಮೂರಲ್ಲಿ ಯಾರಿಗಾದರೂ ಹೇಳಿದ್ದರೆ ನಕ್ಕು ಸಾಯುತ್ತಿದ್ದರು.

ಮರುದಿನ ಬೆಳಗ್ಗೆ ಅವ್ವನಿಗೆ ಫೋನು ಮಾಡಿದೆ. ಪರೀಕ್ಷೆಯ ವಿಷಯ ಹೇಳಿದ್ದೇ ತಪ್ಪಾಯಿತು. ಎರಡು ದಿನ ಬಿಟ್ಟು ಬೆಳಗ್ಗೆ ಮತ್ತೆ ಮಾಡುವಷ್ಟರಲ್ಲಿ ಅವ್ವ ದೇವಸ್ಥಾನಕ್ಕೇ ಹೋಗಿಬಂದಿದ್ದಳು.

"ನೀನೇನೂ ಯೋಚ್ನೆ ಮಾಡ್ಬ್ಯಾಡ ಕಣಮ್ಮಿ. ಅರಕೆ ಒತ್ಕೊಂಡಿವ್ನಿ. ಬಸಪ್ಪನ್ ತಾವ್ಲೂ ಕೇಳಾಯ್ತು, ಪಾದ ಕೊಡ್ತು."

ಬಸಪ್ಪ ಎಂದರೆ ದೇವಸ್ಥಾನದ ಎತ್ತು. ಅದು ಕಾಲೆತ್ತಿ ಪಾದ ಕೊಟ್ಟರೆ ಕೆಲಸವಾಯಿತು ಎಂದು ನಂಬಿಕೆ. ನನಗೆ ಪಿಸುಮಾತು ಮರೆತುಹೋಯಿತು.

"ಎತ್ತು ಕಾಲೆತ್ತುದ್ರೆ ನಂಗ್ಯಾಕವ್ವ ಪಿಎಚ್.ಡಿ. ಕೊಡ್ತಾರೆ?"

"ಕೊಡ್ದೆ ಏನು? ನಿಂಗೆ ಸೀಟ್ ಸಿಕ್ದಾಗ್ಲೂ ಕೊಟ್ಟಿತ್ತು."

"ಸಿಗ್ದೇ ಇದ್ದಾಗ್ಲೂ ಕೊಟ್ಟಿತ್ತು! ಅದ್ನ್ಯಾಕೆ ಯೋಳಲ್ಲ ನೀನು?"

ಅಷ್ಟರಲ್ಲಿ ಪಕ್ಕದ ಕೋಣೆಯ ಬಾಗಿಲು ತೆರೆದ ಸದ್ದಾಗಿ, ಆಮೇಲೆ ಮಾಡ್ತೀನಿ ಎಂದು ಫೋನಿಟ್ಟುಬಿಟ್ಟೆ. ಇಟ್ಟ ಕೂಡಲೇ ನೆಲದಡಿಯಿಂದ ಧಡ್ ಧಡ್ ಎಂದು ಏಟು. ಕೆಳಗಿನವರೂ ದೂರು ಕೊಡುವಂತಾಯಿತಲ್ಲ ಎಂದು, ಕ್ಷಮೆಯ ಮಾತುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಮೆಟ್ಟಿಲಿಳಿದೆ.

ಬಾಗಿಲು ತೆರೆದವರು ಎತ್ತರದ, ಬೆನ್ನು ಬಾಗಿದ ಮುದುಕಿ. ಅವರ ಇಂಗ್ಲಿಷೂ ನನ್ನದರಂತೆ ಮುರುಕು. ಆದರೆ ಆ ಗಡಸು, ಆ ಕತ್ತರಿಸಿದ ಮಾತು ನನ್ನ ಕಿವಿಗೆ ಅಂದೂ ಇಂದೂ ನಮ್ಮೂರ ಭಾಷೆಯಾಗಿಯೇ ಕೇಳುತ್ತದೆ. ಹಾಗೇ ಬರೆಯುತ್ತೇನೆ. ಅನುವಾದ ತಪ್ಪು ಎನ್ನುವವರು ವಾದಕ್ಕೆ ಬರಬಹುದು.

"ಯಾಕ್ ನಿಲ್ಸ್‌ಬುಟ್ಟೆ?" ಎಂದರು.

ನನಗೆ ಅರ್ಥವಾಗಲಿಲ್ಲ. ಗಲಾಟೆಗೆ ಕ್ಷಮಿಸಿ ಎಂದೆ.

"ಏನಂದೆ? ಕೇಳುಸ್ಲಿಲ್ಲ!"

ಮತ್ತೆ ಹೇಳಿದೆ. ಅವರು ಕೋಲನ್ನು ನೆಲಕ್ಕೆ ಕುಟ್ಟಿದರು. "ಗಲಾಟೆ ಆಗ್ಲಿ ಬುಡು. ಈ ಬಿಲ್ಡಿಂಗ್‌ನಾಗೆ ಎಲ್ರೂ ಇಲಿಗಳಂಗೆ ಮಾತಾಡ್ತಾರೆ. ಕಿವಿಗೆ ಮಿಷನ್ ಆಕ್ಕೊಳ್ದೆ ನಂಗೆ ಕೇಳೋದು ನಿನ್ ದನಿ ಒಂದೇಯ. ಮೊದ್ಲು ದಿನಾ ಕಾಪಿ ಕುಡೀತಾ ಕೇಳ್ತಿದ್ದೆ, ಆಮೇಲೆ ನಿಂತೋಯ್ತು. ಇವತ್ತು ಮತ್ತೆ ಸುರು ಮಾಡಿ ಅರ್ಧಕ್ಕೇ ನಿಲ್ಸುದ್ಯಲ್ಲ, ಯಾರು ಗೆದ್ದೋರು?"

ಅವರೂ ಅವರ ಗಂಡನೂ ಸಂತೆಯಲ್ಲಿ ಮೀನು ಮಾರುತ್ತಿದ್ದವರಂತೆ. ದಿನವಿಡೀ ಗಿರಾಕಿಗಳ ಮುಂದೆಯೇ ಜಗಳ, ಸಂಜೆ ಇಬ್ಬರೂ ನಗುನಗುತ್ತ ಮನೆಗೆ. ಗಂಡ ಹೋದ ಮೇಲೆ ಮನೆಯಲ್ಲಿ ಜಗಳವೇ ಇಲ್ಲದೆ ಬಿಕೋ ಎನ್ನುತ್ತಿತ್ತು ಎಂದರು. ಇಷ್ಟಕ್ಕೂ ಜಗಳ ಯಾವುದರ ಬಗ್ಗೆ ಎಂದು ಕೇಳಿದರು. ಒಂದು ಎತ್ತಿನ ಬಗ್ಗೆ ಎಂದೆ. ಪೂರ್ತಿ ಹೇಳಿಸಿಕೊಂಡು ತೀರ್ಪು ಕೊಟ್ಟರು: "ನಿಮ್ಮವ್ವ ಗೆದ್ಲು. ಅವ್ಳು ಎದ್ದೋಗಿ ಏನೋ ಮಾಡುದ್ಲು. ನೀನು ಬರೀ ಮಾತಾಡ್ದೆ."

ಇದು ತರ್ಕವೇ ಅಲ್ಲ ಎಂದು ನಾನು ಜೋರಾಗಿ ಹೇಳಿದೆ. ಅವರು ಸಂತೋಷದಿಂದ ಕಾಫಿಗೆ ನೀರಿಟ್ಟರು. ಅಂದಿನಿಂದ ಫೋನಿನಲ್ಲಿ ನನ್ನ ದನಿ ತಗ್ಗಿದಾಗಲೆಲ್ಲ ಕೆಳಗಿನಿಂದ ಕೋಲಿನ ಏಟು ಬೀಳುತ್ತಿತ್ತು.

ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬದ ಮುಚ್ಚಳ ಹಾಕಿಬಿಡುತ್ತಿದ್ದರು. ಬೇಡ ಬೇಡ ಎಂದರೂ ತಟ್ಟೆಗೆ ಇನ್ನೊಂದು ಮುದ್ದೆ ಹಾಕುವ ನಾಡಿನವಳಿಗೆ ಇದು ಅವಮಾನವೇ. ಕೆಲವು ದಿನ ಸಹಿಸಿ, ಒಂದು ದಿನ ಕೇಳಿಯೇಬಿಟ್ಟೆ, ಇದೇನು ನಿಮ್ಮ ಮರ್ಯಾದೆ ಎಂದು. "ಇನ್ನೊಂದ್ ಬೇಕಾದ್ರೆ ಕೇಳು. ಬಾಯಿಲ್ವಾ?" ಎಂದರು. ಕೇಳಿದೆ. ಕೊಟ್ಟರು.

ಸಮಿತಿಯ ವಿಷಯ ತಿಳಿದ ಮೇಲೆ ಅವರ ಅಡಿಗೆಮನೆಯೇ ನನ್ನ ಅಖಾಡವಾಯಿತು. ಬೆಳಗ್ಗೆ ಹೊರಡುವ ಮುನ್ನ ಒಲೆಯ ಪಕ್ಕ ನಿಂತು ನನ್ನ ಸಂಶೋಧನೆಯನ್ನು ವಿವರಿಸಬೇಕು. ಅವರು ಬೇಕೆಂದೇ ಕಿವಿಯ ಮಿಷನ್ನು ತೆಗೆದಿಡುತ್ತಿದ್ದರು. "ಕೇಳುಸ್ಲಿಲ್ಲ!" ಮತ್ತೆ ಹೇಳಿದರೆ, "ಉದ್ದ ಆಯ್ತು!" ನಾನು ಸೋತು ದನಿ ಇಳಿಸಿದರೆ ಕೋಲು ನೆಲಕ್ಕೆ ಬೀಳುತ್ತಿತ್ತು. "ಎರಡ್ನೇ ಸಲ ಕೂಗೋವಾಗ ಮಾತು ಕಮ್ಮಿ ಮಾಡ್ಬೇಕು, ದನಿ ಜಾಸ್ತಿ ಮಾಡ್ಬೇಕು. ಗಿರಾಕಿ ನಡ್ಕೊಂಡ್ ಓಯ್ತಾ ಇರ್ತಾನೆ ಕಣಮ್ಮಿ!"

ಚೌಳು ಮಣ್ಣಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಕಾಲೇಜಿನ ತರಬೇತಿ ನನಗೆ ಎದುರಾಳಿಯನ್ನು ಬೀಳಿಸುವುದನ್ನು ಕಲಿಸಿತ್ತು. ಕೇಳಿಸದವರಿಗೆ ಕೇಳಿಸುವುದು ಬೇರೆಯೇ ವಿದ್ಯೆ.

ಒಮ್ಮೆ ವಿಡಿಯೋ ಕಾಲಿನಲ್ಲಿ ಅವ್ವನಿಗೆ ಅವರನ್ನು ತೋರಿಸಿದೆ. ಅವ್ವ ಎಂದಿನ ದನಿಯಲ್ಲಿ, "ಉಂಡ್ರಾ ಅಜ್ಜೀ?" ಎಂದಳು. ಅಜ್ಜಿ ಬೆಚ್ಚಿ ನನ್ನ ಕಡೆ ತಿರುಗಿದರು. ಮಿಷನ್ನು ಮೇಜಿನ ಮೇಲಿತ್ತು! ಆಮೇಲೆ ಅವ್ವ ಕನ್ನಡದಲ್ಲಿ, ಅಜ್ಜಿ ಡಚ್ಚಿನಲ್ಲಿ, ಇಬ್ಬರೂ ಒಟ್ಟಿಗೇ ಶುರುಮಾಡಿದರು. ನಾನು ಅನುವಾದಕ್ಕೆ ಹೋದರೆ ಇಬ್ಬರೂ ಸುಮ್ಮನಿರು ಎಂದು ಕೈ ಮಾಡಿದರು.

"ನಿಂಗೇನೂ ಭಯ ಇಲ್ಲ ಬುಡು," ಎಂದಳು ಅವ್ವ ಕೊನೆಗೆ. "ಅಜ್ಜಿ ನಮ್ ಕಡೇರಂಗೇ ಮಾತಾಡ್ತದೆ."

ಸಮಿತಿಯ ದಿನ ನನ್ನ ಮಂಡನೆ ಅರ್ಧಕ್ಕೆ ಬರುವಷ್ಟರಲ್ಲಿ ಒಬ್ಬ ಹಿರಿಯ ಪ್ರೊಫೆಸರು ತಡೆದರು. ಅವರ ಹಳೆಯ ಅಳತೆಗಳಿಗೂ ನನ್ನವಕ್ಕೂ ತಾಳೆಯಾಗುತ್ತಿಲ್ಲವಲ್ಲ ಎಂದರು. ಉತ್ತರ ಹೇಳಿದೆ. ಅವರು ಕತ್ತು ಮುಂದೆ ಚಾಚಿ, "ಸಾರಿ?" ಎಂದರು. ಹಳೆಯ ನಾನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಾಯಿಗೆ ಅಡಿಗೆಮನೆಯ ಅಭ್ಯಾಸವಾಗಿತ್ತು. ಮಾತು ಕಮ್ಮಿ, ದನಿ ಜಾಸ್ತಿ.

"ಉಪ್ಪು ಬರುತ್ತಿರುವುದು ಮೇಲಿನಿಂದಲ್ಲ, ಕೆಳಗಿನಿಂದ. ನೀವು ಮೇಲಷ್ಟೇ ಅಳೆದಿದ್ದೀರಿ."

ಕಾರಿಡಾರಿನಲ್ಲಿ ಹೋಗುತ್ತಿದ್ದವರೂ ನಿಂತರಂತೆ. ಪ್ರೊಫೆಸರು ಕನ್ನಡಕ ತೆಗೆದು ನನ್ನನ್ನು ನೋಡಿ, ಹಾಗಾದರೆ ಕೆಳಗಿನ ಅಳತೆ ತೋರಿಸು ಎಂದರು. ಆಮೇಲೆ ನಡೆದದ್ದು ನಿಜವಾದ ಜಗಳ, ನಮ್ಮ ತೂಬಿನ ಹತ್ತಿರ ನಡೆಯುತ್ತದಲ್ಲ, ಅಂಥದ್ದು. ಮುಂದುವರಿಸು ಎಂದು ತೀರ್ಮಾನವಾಯಿತು.

ಮನೆಗೆ ಬಂದು ಮೆಟ್ಟಿಲ ಬುಡದಲ್ಲೇ ಕೂಗಿ ಹೇಳಿದೆ. "ಯಾರು ಗೆದ್ದೋರು?" ಎಂಬ ಪ್ರಶ್ನೆ ಬಾಗಿಲು ತೆರೆಯುವ ಮೊದಲೇ ಬಂತು. ನಾನು, ಎಂದೆ. ಅಂದು ಬಿಸ್ಕತ್ತಿನ ಡಬ್ಬಕ್ಕೆ ಮುಚ್ಚಳ ಹಾಕಲಿಲ್ಲ.

ಇದರ ಶ್ರೇಯಸ್ಸು ಯಾರಿಗೆ ಎಂಬುದು ಮುಂದಿನ ವಾದ. ಅವ್ವನ ಪ್ರಕಾರ ಬಸಪ್ಪನಿಗೆ. ನನ್ನ ಪ್ರಕಾರ ಅಜ್ಜಿಗೆ. ಅಜ್ಜಿಯನ್ನೇ ಕೇಳಿದರೆ, "ನಾನೇನ್ ಮಾಡ್ದೆ? ನಂಗೆ ಕಿವಿ ಕೇಳಲ್ಲ, ಅಷ್ಟೇಯ" ಎಂದರು.

ರಜೆಗೆ ಊರಿಗೆ ಬಂದಾಗ ಅವ್ವ ಹರಕೆ ತೀರಿಸಲು ಚಿಕ್ಕರಸಿನಕೆರೆಗೆ ಎಳೆದುಕೊಂಡು ಹೋದಳು. ಅಜ್ಜಿಯ ತೀರ್ಪಿದ್ದುದರಿಂದ ನಾನು ಹೆಚ್ಚು ತಕರಾರು ಮಾಡಲಿಲ್ಲ. ಬಸಪ್ಪನ ಮುಂದೆ ಕೈ ಮುಗಿಯಲಿಲ್ಲ, ಬಾಳೆಹಣ್ಣು ಕೊಟ್ಟೆ. ಹಸಿದ ಎತ್ತಿಗೆ ಹಣ್ಣು ಕೊಡುವುದರಲ್ಲಿ ಮೂಢನಂಬಿಕೆ ಏನಿದೆ? ಹಿಂತಿರುಗುವ ಬಸ್ಸಿನಲ್ಲಿ ಫೋನಿಗೆ ಅಜ್ಜಿಯ ಮಗಳ ಸಂದೇಶ ಬಂತು. ಅಮ್ಮ ಬೆಳಗ್ಗೆ ಕುರ್ಚಿಯಲ್ಲಿ ಕೂತಲ್ಲೇ ಹೋದರು, ಕಾಫಿ ಪಕ್ಕದಲ್ಲೇ ಇತ್ತು, ಎಂದು.

ಅವ್ವನಿಗೆ ಹೇಳಿದೆ. "ಅಯ್ಯೋ, ನಮ್ಮಜ್ಜಿ ಒಂಟೋಗ್ಬುಡ್ತಾ!" ಎಂದು ಅವಳು ಅತ್ತ ರಭಸಕ್ಕೆ ಇಡೀ ಬಸ್ಸು ತಿರುಗಿತು. ಮುಂದಿನ ಸೀಟಿನ ಹೆಂಗಸು, "ಯಾವೂರಜ್ಜಿ ಕಣಕ್ಕ?" ಎಂದು ಕೇಳಿದಳು.

"ಆಲೆಂಡು," ಎಂದಳು ಅವ್ವ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.

"ಪಾಪ," ಎಂದಳು ಆ ಹೆಂಗಸು, ಹಾಲೆಂಡು ಮದ್ದೂರಿನ ಆಚೆಗೇ ಇರುವ ಹಾಗೆ.

ಈಗ ಕೆಳಗಿನ ಮನೆಗೆ ಹೊಸಬರು ಬಂದಿದ್ದಾರೆ. ಪಿಸುಗುಟ್ಟುವ ಜನ. ಸೂರಿನ ಗುರುತಿಗೆ ಬಣ್ಣ ಹೊಡೆಸಿದ್ದಾರೆ ಎಂದು ಕೇಳಿದೆ. ನಾನು ಸೆಮಿನಾರುಗಳಲ್ಲಿ ಈಗ ಸುಮ್ಮನಿರುವುದಿಲ್ಲ. ಇವಳ ಮಾತು ಇನ್ನು ಸಾಕಪ್ಪ ಎಂದು ಕೆಲವರಿಗೆ ಅನ್ನಿಸಿರಲೂಬಹುದು. ಬಾಯಿ ತೆರೆದಾಗಲೆಲ್ಲ ಯಾರ ಋಣ ಎಂದು ನನಗೆ ಗೊತ್ತಿದೆ.

ರಜೆ ಮುಗಿಸಿ ಬಂದ ಮೊದಲ ಬೆಳಗ್ಗೆ ಅವ್ವನಿಗೆ ಫೋನು ಮಾಡಿದಾಗ ಮಾತ್ರ ಯಾಕೋ ದನಿ ಏಳಲಿಲ್ಲ.

"ಏನಮ್ಮಿ, ಅಂಗ್ ಮೆತ್ಗೆ ಮಾತಾಡ್ತಿದ್ದೀ? ಕೆಳಗ್ಲಜ್ಜಿಗೆ ಕೇಳುಸ್ಬ್ಯಾಡ್ವಾ?"

"ಅವ್ರಿಲ್ವಲ್ಲವ್ವ ಈಗ."

"ಇಲ್ದಿದ್ರೇನು? ಕೇಳುಸ್ತದೆ, ಜೋರಾಗ್ ಮಾತಾಡು."

"ಅದುಕ್ಕೇನವ್ವ ಆಧಾರ?" ಎಂದೆ.

ಜೋರಾಗಿಯೇ ಎಂದೆ, ಕೆಳಗಿನ ಮನೆಗೆ ಕೇಳುವಷ್ಟು.