ಮುಚ್ಚಳವಿಲ್ಲದ ಡಬ್ಬಿಗಳು
ತಿ. ನರಸೀಪುರದ ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ನಮಗೆ ಕಂಪ್ಯೂಟರ್ ಕಲಿಸುತ್ತಿದ್ದ ಗಂಗಾಧರಸ್ವಾಮಿ ಮೇಷ್ಟ್ರಿಗೆ ಮುಚ್ಚಿಟ್ಟ ಯಾವುದನ್ನು ಕಂಡರೂ ಆಗುತ್ತಿರಲಿಲ್ಲ. ಗೋಡೆ ಗಡಿಯಾರದ ಚಕ್ರಗಳು ಕಾಣಲೆಂದು ಅದರ ಬೆನ್ನು ಬಿಚ್ಚಿ ತಿರುಗಿಸಿ ನೇತುಹಾಕಿದ್ದರು; ಗಂಟೆ ಎಷ್ಟೆಂದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಬೇರೆ ಸೆಂಟರುಗಳಲ್ಲಿ ಕಪ್ಪು ಪರದೆಯ ಮೇಲೆ ಸಾಲುಸಾಲು ಟೈಪು ಮಾಡಿಸಿ ಉತ್ತರವನ್ನಷ್ಟೇ ತೋರಿಸಿದರೆ, ಇವರು ತಾವೇ ಮಾಡಿದ ಪ್ರೋಗ್ರಾಮಿನಲ್ಲಿ ಚೌಕಗಳನ್ನು ಬರೆದು ಗೆರೆಗಳಿಂದ ಜೋಡಿಸುತ್ತಿದ್ದರು. ಆ ಚೌಕಗಳಿಗೆ ಅವರಿಟ್ಟ ಹೆಸರು ಡಬ್ಬಿ. ಪ್ರತಿ ಡಬ್ಬಿಯಲ್ಲೂ ಅದರ ಅಂಕಿ ಎದ್ದು ಕಾಣುತ್ತಿತ್ತು. ಮೊದಲನೆಯದನ್ನು ಬದಲಿಸಿದರೆ ಕೆರೆಯ ತೂಬು ಎತ್ತಿದಾಗ ನೀರು ಹರಿದ ಹಾಗೆ ಕೊನೆಯ ಡಬ್ಬಿಯವರೆಗೂ ಅಂಕಿಗಳು ಆ ಕ್ಷಣವೇ ಬದಲಾಗುತ್ತಿದ್ದವು. "ಕಾಣ್ತಾ?" ಎಂದು ಮಾತಿಗೊಮ್ಮೆ ಕೇಳುವುದು ಅವರ ಚಾಳಿ. ನಮ್ಮ ಸೆಂಟರಿನ ಮೈಸೂರು ಹೆಡ್ಡಾಫೀಸಿನವರು ಬಂದು, "ಇದು ಸಿಲಬಸ್ಸಿನಲ್ಲಿಲ್ಲ, ನಿಲ್ಲಿಸಿ" ಎಂದಾಗ, "ಬೇಕಾದ್ರೆ ನಿಮ್ ಬೋರ್ಡು ಕಿತ್ಕೊಂಡೋಗಿ ಸಾ, ಡಬ್ಬಿ ಮಾತ್ರ ಮುಚ್ಚಲ್ಲ" ಎಂದು ಅವರೆದುರಿಗೇ ಇನ್ನೊಂದು ಡಬ್ಬಿ ಬರೆದರು. ಬರುಬರುತ್ತಾ ಡಬ್ಬಿಗಳು ದೊಡ್ಡವಾಗುತ್ತಾ ಹೋಗಿ, ಒಂದೇ ಡಬ್ಬಿ ಇಡೀ ಪರದೆ ತುಂಬಿತು. "ಇದ್ರಲ್ಲಿ ಎಷ್ಟದೆ, ಓದ್ರಲಾ" ಎನ್ನುತ್ತಿದ್ದರು. ನಮ್ಮನ್ನು ಪರೀಕ್ಷಿಸುತ್ತಿದ್ದಾರೆಂದುಕೊಂಡು ನಾವೆಲ್ಲ ಜೋರಾಗಿ ಓದುತ್ತಿದ್ದೆವು. ಒಂದು ದಿನ ನಮ್ಮ ಜೊತೆಯ ಅಮೃತೇಶ ತಮಾಷೆಗೆಂದು ಬೇಕಂತಲೇ ತಪ್ಪು ಓದಿದ. ಮೇಷ್ಟ್ರು ಪರದೆಯನ್ನೇ ನೋಡುತ್ತಾ "ಸರಿ" ಎಂದರು. ಯಾರೂ ನಗಲಿಲ್ಲ. "ಸಾ, ನಿಮ್ಗೆ ಕಾಣಲ್ವಾ?" ಎಂದು ಅವನೇ ಮೆಲ್ಲಗೆ ಕೇಳಿದ. "ನಂಗ್ ಕಾಣ್ದಿದ್ರೆ ಏನಾಯ್ತು? ನಿಂಗ್ ಕಾಣ್ತದಲ್ಲ!" ಎಂದು ಮೇಷ್ಟ್ರು ಗದರಿದರು. "ಇರೋದ್ನ ಓದ್ಲಾ!"