ಒಬ್ಬರಿಗೆ ಎರಡೇ ಬಾಟಲಿ

ನೆವಾರ್ಕಿನಲ್ಲಿ ಬದರುನ್ನಿಸಾಳಷ್ಟು ಅಗ್ಗದಲ್ಲಿ ಸಂಸಾರ ತೂಗಿಸುವವರು ಇನ್ನೊಬ್ಬರಿಲ್ಲ ಅಂತ 2001ರ ಬೇಸಿಗೆಯಲ್ಲಿ ನಾಲ್ಕಾರು ಮನೆಗಳಲ್ಲಿ ಮಾತಾಗಿತ್ತು. ಅದು ಹೊಗಳಿಕೆಯೋ ಚುಚ್ಚುಮಾತೋ, ಆಕೆ ಕೇಳಿಸಿಕೊಂಡಳು, ಅಷ್ಟೇ. ಏಪ್ರಿಲ್‌ನಿಂದೀಚೆಗೆ ಯಾವ ಮಾತೂ ಆಕೆಯ ಒಳಗಿಳಿಯುತ್ತಿರಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಚಿವುಟಿದ್ದು ಗೊತ್ತಾಗುತ್ತದೆ, ನೋವಾಗುವುದಿಲ್ಲ ನೋಡಿ, ಹಾಗಿತ್ತು ಆಕೆಯ ಸ್ಥಿತಿ.

ಏಪ್ರಿಲ್‌ನಲ್ಲಿ ಆದದ್ದಿಷ್ಟು. ಗಂಡ ಅರ್ಫಾತ್ ಹೋಗುತ್ತಿದ್ದ ಡಾಟ್‌ಕಾಮ್ ಕಂಪನಿ ಒಂದು ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿತು. ಅವನ ವೀಸಾ ಹಿಡಿದಿದ್ದ ಕನ್ಸಲ್ಟಿಂಗಿನ ಪುಣ್ಯಾತ್ಮ, "ಬೇರೆ ಕೆಲಸ ಸಿಗೋವರೆಗೆ ಬೆಂಚಿನ ಮೇಲೆ ಕೂತಿರು, ಪೇಪರ್ಸು ನಾನು ನೋಡ್ಕೋತೀನಿ, ಸಂಬಳ ಮಾತ್ರ ಕೇಳಬೇಡ" ಅಂದ. ಅಲ್ಲೇ ಹತ್ತಿರದ ಡಬ್ಲಿನ್ ಊರಿನ ಒಂದು ಸಣ್ಣ ಕಂಪನಿಯವರು ಇಂಟರ್‌ವ್ಯೂ ಮಾಡಿ, ಅಕ್ಟೋಬರಿನಲ್ಲಿ ಸೀಟಿದೆ, ಆಗ ಬಾ ಅಂದರು. ಅಂದರೆ ಅಕ್ಟೋಬರಿನವರೆಗೆ ಬ್ಯಾಂಕಿನಲ್ಲಿದ್ದ ದುಡ್ಡಿನಲ್ಲೇ ಉಸಿರು ಹಿಡಿದಿರಬೇಕು. ಅದು ಒಂದು ವಾರ ಮೊದಲೇ ಮುಗಿದರೂ ಗಂಟುಮೂಟೆ ಕಟ್ಟಿಕೊಂಡು ವಿಮಾನ ಹತ್ತುವುದೇ.

ಬದರುನ್ನಿಸಾ ಲೆಕ್ಕಕ್ಕೆ ಕೂತಳು. ಬಾಡಿಗೆ ಅವಳ ಮಾತು ಕೇಳುತ್ತಿರಲಿಲ್ಲ. ಕಾರಿನ ಕಂತು ಕೇಳುತ್ತಿರಲಿಲ್ಲ, ಅದರ ಇನ್ಶೂರೆನ್ಸು ಕೇಳುತ್ತಿರಲಿಲ್ಲ. ಮಾತು ಕೇಳುತ್ತಿದ್ದದ್ದು ಗ್ರೋಸರಿ ಒಂದೇ. ತಿಂಗಳಿಗೆ ನಾನೂರ ಅರವತ್ತು ಡಾಲರ್ ಆಗುತ್ತಿದ್ದದ್ದನ್ನು ಇನ್ನೂರಕ್ಕೆ ಇಳಿಸಿದರೆ ಅಕ್ಟೋಬರ್ ಮುಟ್ಟಬಹುದಿತ್ತು. ಇನ್ನೂರು. ಆ ಸಂಖ್ಯೆ ಬಿಟ್ಟರೆ ಆಮೇಲೆ ಆಕೆಯ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ.

ಕೂಪನ್ ಕತ್ತರಿಸುವುದೇನು ಮಹಾ ಅಂದುಕೊಂಡಿರಾ? ಕತ್ತರಿಸಿದರೆ ಆಗಲಿಲ್ಲ. ಭಾನುವಾರದ ಪೇಪರಿನಲ್ಲಿ ಬಂದದ್ದನ್ನು ಆ ವಾರದ ಸೇಲಿಗೆ ಕೂಡಿಸಬೇಕು, ಕೂಪನ್ನಿನ ರಿಯಾಯಿತಿಗೆ ಡಬಲ್ ಕೊಡುವ ಅಂಗಡಿ ಹುಡುಕಬೇಕು, ತಾರೀಖು ನೋಡಬೇಕು. ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಜನ ಓದಿ ಬಿಟ್ಟುಹೋದ ಪೇಪರುಗಳನ್ನು ಆಕೆ ನಾಚಿಕೆ ಬಿಟ್ಟು ಹೆಕ್ಕಿದಳು. ತರಕಾರಿಗೆ ರೈತರ ಸಂತೆ ಏಳುವ ಹೊತ್ತಿಗೆ ಹೋದಳು. ಟ್ರಕ್ಕಿಗೆ ವಾಪಸು ತುಂಬುವ ಬದಲು ಅವರು ಅರ್ಧ ಬೆಲೆಗೆ ಕೊಡುತ್ತಿದ್ದರು. ಕೋಳಿ ಹದಿನೈದು ದಿನಕ್ಕೊಮ್ಮೆ, ಅದೂ ಹಲಾಲ್ ಅಂಗಡಿಯ ಕಾಲಿನ ತುಂಡು ಮಾತ್ರ. ಇಂಡಿಯನ್ ಸ್ಟೋರಿನ ಜೋಳದ ಹಿಟ್ಟು ದುಬಾರಿ ಅಂತ ಮೆಕ್ಸಿಕನ್ ಅಂಗಡಿಯ, ಸುಣ್ಣದ ನೀರಲ್ಲಿ ಬೇಯಿಸಿ ಬೀಸಿದ ಮೆಕ್ಕೆಜೋಳದ ಹಿಟ್ಟು ತಂದು ರೊಟ್ಟಿ ತಟ್ಟಿದಳು.

"ಸುಣ್ಣದ ವಾಸನಿ ಬರ್ತೈತಿ. ಆದ್ರ ಅಡ್ಡಿಯಿಲ್ಲ, ಚಲೋ ಆಗ್ಯಾವು" ಅಂದರು ಮಾವ ಮೆಹಬೂಬ್ ಸಾಬ್.

ಅವರು ಮಗನ ಕೆಲಸ ಹೋದ ಮೇಲೆ ಬಂದು ಇಳಿದಿದ್ದರು. ಟಿಕೆಟ್ಟು ಫೆಬ್ರುವರಿಯಲ್ಲೇ ತೆಗೆದದ್ದು, ದುಡ್ಡು ವಾಪಸು ಬರುತ್ತಿರಲಿಲ್ಲ. ಆರು ತಿಂಗಳು ಇದ್ದು ಅಕ್ಟೋಬರ್ ಕೊನೆಗೆ ಹೊರಡುವುದು. ಗದಗ–ಹುಬ್ಬಳ್ಳಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವರು, ಮನೆಯಲ್ಲೂ ಉರ್ದುವಿಗಿಂತ ಮೊದಲು ಕನ್ನಡವೇ ಬಾಯಿಗೆ ಬರುತ್ತಿತ್ತು. ಸಕ್ಕರೆ ಕಾಯಿಲೆ ಇತ್ತು, ಆರು ತಿಂಗಳಿಗಾಗುವಷ್ಟು ಗುಳಿಗೆ ಊರಿಂದಲೇ ಕಟ್ಟಿಸಿಕೊಂಡು ಬಂದಿದ್ದರು.

ಜೂನ್ ಮೊದಲ ವಾರ ಅವರು ಸೋಮವಾರ, ಗುರುವಾರ ನಫಿಲ್ ರೋಜಾ ಹಿಡಿಯಲು ಶುರುಮಾಡಿದರು. ಕಡ್ಡಾಯದ್ದಲ್ಲ, ಪುಣ್ಯಕ್ಕೆ ಹಿಡಿಯುವ ಉಪವಾಸ. "ಮಗಗ ನೌಕರಿ ಸಿಗಲಿ ಅಂತ ಹಿಡಿಯಾಕತ್ತೀನಿ ಬೇಟಾ" ಅಂದರು. ಇಲ್ಲಿನ ಬೇಸಿಗೆಯಲ್ಲಿ ನಸುಕಿನಿಂದ ಹಿಡಿದರೆ ಹದಿನಾರು ತಾಸು, ಸೂರ್ಯ ಎಂಟೂವರೆಗೆ ಮುಳುಗುವವನು. ಸಕ್ಕರೆ ಕಾಯಿಲೆಯವರು ಹಿಡಿಯಬೇಕಾಗಿಲ್ಲ ಅಂತ ಬದರುನ್ನಿಸಾಗೂ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು. ಆದರೆ ರೋಜಾ ಹಿಡಿದ ಹಿರಿಯರನ್ನು ಯಾಕೆ ಅಂತ ಕೇಳುವ ರೂಢಿ ಆಕೆಯ ತವರಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ. ಮತ್ತೆ, ನಿಜ ಹೇಳಬೇಕೆಂದರೆ, ವಾರಕ್ಕೆರಡು ನಾಷ್ಟಾ, ಎರಡು ಮಧ್ಯಾಹ್ನದ ಊಟ ಉಳಿಯಿತು ಅಂತ ಆಕೆಯ ತಲೆ ಆಗಲೇ ಕಳೆದಾಗಿತ್ತು.

ಉಳಿದ ದಿನ ಅವರು ಬೆಳಿಗ್ಗೆ ಹತ್ತಕ್ಕೆ ಪಾರ್ಕಿಗೆ ಹೊರಟುಬಿಡುತ್ತಿದ್ದರು. ಅಲ್ಲಿ ರೋಣದ ಕಡೆಯ ಸಂಗನಬಸಪ್ಪ ಅನ್ನುವವರು ಸಿಕ್ಕಿದ್ದರು, ಅವರೂ ಮಗನ ಮನೆಗೆ ಬಂದವರು. "ಸಂಗನಬಸಪ್ಪನ ಮನ್ಯಾಗ ಊಟ ಆತು. ಬ್ಯಾಡ ಅಂದ್ರೂ ಬಿಡಲಿಲ್ಲ ಅಂವ" ಅನ್ನುತ್ತಿದ್ದರು ಸಂಜೆ ಬಂದು. ಬೆಳಿಗ್ಗೆ ಇವಳು ಏಳುವ ಹೊತ್ತಿಗೆ ಅವರ ಚಹಾದ ಕಪ್ಪು ತೊಳೆದು ಬೋರಲು ಹಾಕಿರುತ್ತಿತ್ತು. ರಾತ್ರಿ ಎಲ್ಲರ ಜೊತೆ ಕೂತು ಉಣ್ಣುತ್ತಿದ್ದರು. ಪಾಪ, ಯಾರೋ ಲಿಂಗಾಯತರ ಮನೆಯಲ್ಲಿ ದಿನಾ ಇಷ್ಟು ಪ್ರೀತಿಯಿಂದ ಬಡಿಸುತ್ತಾರಲ್ಲ, ಒಂದು ದಿನ ಅವರನ್ನು ಕರೆಯಬೇಕು ಅಂದುಕೊಂಡಳು. ಕರೆದರೆ ಕನಿಷ್ಠ ಹನ್ನೆರಡು ಡಾಲರ್ ಬೇಕು, ಅಕ್ಟೋಬರ್ ಆದ ಮೇಲೆ ನೋಡೋಣ ಅಂತ ಸುಮ್ಮನಾದಳು.

ಬಿಲ್ಲು ಮೇ ತಿಂಗಳಲ್ಲಿ ಮುನ್ನೂರ ಹತ್ತಕ್ಕೆ ಬಂತು, ಜೂನ್‌ನಲ್ಲಿ ಇನ್ನೂರ ನಲವತ್ತು. ಜುಲೈ ಕೊನೆಗೆ ಕೂಡಿಸಿದರೆ ಇನ್ನೂರ ಎರಡು. ಮೂವತ್ತೆಂಟು ಡಾಲರ್ ಎಲ್ಲಿಂದ ಇಳಿಯಿತು ಅಂತ ಆಕೆಗೇ ಸರಿಯಾಗಿ ತಿಳಿಯಲಿಲ್ಲ. ಹಿಟ್ಟು ಉಳಿದಿತ್ತು, ಹಾಲು ಉಳಿದಿತ್ತು, ಬೇಳೆ ಡಬ್ಬಿ ತಳ ಕಂಡಿರಲಿಲ್ಲ. ನನ್ನ ಕೈ ಕುದುರಿತು ಅಂದುಕೊಂಡಳು. ಫೋನಿನಲ್ಲಿ ಗೆಳತಿ ಅಲ್ಫಿಯಾಗೆ ಹೇಳಿದಳು ಕೂಡ: "ಪ್ಲಾನಿಂಗು ಕಣೇ, ಎಲ್ಲ ಪ್ಲಾನಿಂಗು."

ಜುಲೈ ಮೂವತ್ತೊಂದು ಮಂಗಳವಾರ ಅಡುಗೆ ಎಣ್ಣೆಯ ಸೇಲಿನ ಕೊನೆಯ ದಿನ. ದೊಡ್ಡ ಬಾಟಲಿ ತೊಂಬತ್ತೊಂಬತ್ತು ಸೆಂಟು, ಮೇಲೆ ಕೂಪನ್ನು, ಆದರೆ ಒಬ್ಬರಿಗೆ ಎರಡೇ ಬಾಟಲಿ. ಇಂಥ ದಿನಗಳಿಗೆ ಬದರುನ್ನಿಸಾಳ ಹತ್ತಿರ ಒಂದು ಪದ್ಧತಿಯಿತ್ತು. ಮನೆಮಂದಿಯನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ಹೋಗಿ, ಒಬ್ಬೊಬ್ಬರ ಕೈಗೂ ಎರಡು ಬಾಟಲಿ, ಎರಡು ಕೂಪನ್ನು, ಸರಿಯಾದ ಚಿಲ್ಲರೆ ಕೊಟ್ಟು ಬೇರೆ ಬೇರೆ ಕ್ಯೂನಲ್ಲಿ ನಿಲ್ಲಿಸುವುದು. ಒಬ್ಬರಿಗೊಬ್ಬರು ಗುರುತಿಲ್ಲದವರ ಹಾಗೆ ನಿಲ್ಲಬೇಕು. ನಾಲ್ಕು ಜನಕ್ಕೆ ಎಂಟು ಬಾಟಲಿ, ಅಕ್ಟೋಬರ್‌ವರೆಗೆ ಎಣ್ಣೆಯ ಚಿಂತೆಯಿಲ್ಲ.

"ಮಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್" ಅಂದಳು ಒಂಬತ್ತು ವರ್ಷದ ಮಗಳು ಇರಮ್.

"ಬಾಯಿ ಮುಚ್ಕೊಂಡು ನಿಂತ್ಕೋ" ಅಂದಳು ಬದರುನ್ನಿಸಾ.

ಸಂಜೆ ಐದರ ಹೊತ್ತು, ಕ್ಯೂಗಳು ಉದ್ದವಿದ್ದವು. ಮಾವ ಮೂರನೆಯ ಕೌಂಟರಿನಲ್ಲಿ ಎರಡು ಬಾಟಲಿಗಳನ್ನು ಎದೆಗಪ್ಪಿಕೊಂಡು ನಿಂತಿದ್ದರು. ಬದರುನ್ನಿಸಾ ಆರನೆಯದರಲ್ಲಿದ್ದಳು, ಆಕೆಯ ಮುಂದೆ ಒಬ್ಬರೇ ಇದ್ದರು. ಆಗ ದಪ್ ಅಂತ ಸದ್ದಾಯಿತು. ಅದರ ಹಿಂದೆಯೇ ಯಾರೋ ಹೆಂಗಸು, ಓ ಮೈ ಗಾಡ್ ಅಂದಳು. ಬದರುನ್ನಿಸಾ ತಿರುಗಿ ನೋಡಿದಳು. ನೆಲದ ಮೇಲೆ ಮಾವನ ಬಿಳಿ ಟೋಪಿ ಕಂಡಿತು, ಅವರ ಕಾಲು ಕಂಡಿತು. ಅರ್ಫಾತ್ ತನ್ನ ಬಾಟಲಿಗಳನ್ನು ಅಲ್ಲೇ ಬಿಟ್ಟು ಓಡುತ್ತಿದ್ದ.

ಮುಂದಿದ್ದವರು ಸರಿದರು, ಈಕೆಯ ಸರದಿ ಬಂತು. ಈಕೆ ಬಾಟಲಿಗಳನ್ನು ಬೆಲ್ಟಿನ ಮೇಲಿಟ್ಟಳು.

"ಅವರು ನಿಮ್ಮವರಾ?" ಅಂತ ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು" ಅಂದಳು ಬದರುನ್ನಿಸಾ. ಅಂದು ಕೂಪನ್ನು ಮುಂದೆ ಚಾಚಿದಳು.

ಹುಡುಗಿ ಆಕೆಯ ಮುಖವನ್ನೊಮ್ಮೆ ನೋಡಿ, ಕೂಪನ್ನು ತೆಗೆದುಕೊಂಡು, ಚಿಲ್ಲರೆ ಎಣಿಸಿಕೊಂಡು, ರಸೀದಿ ಕೊಟ್ಟಳು. ಅದೆಲ್ಲ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆದರೆ ಆಗಿದ್ದು ಆಗಿತ್ತು. ಆಮೇಲೆ ಓಡಿದಳು.

ಮೆಹಬೂಬ್ ಸಾಬರ ಹಣೆ ಬೆವರಿನಲ್ಲಿ ತೊಯ್ದಿತ್ತು, ಕಣ್ಣು ಅರ್ಧ ತೆರೆದಿತ್ತು. ಅಂಗಡಿಯವನೊಬ್ಬ ಕಿತ್ತಳೆ ಜ್ಯೂಸಿನ ಬಾಟಲಿ ತಂದು, ಆಂಬುಲೆನ್ಸು ಕರೀಲಾ ಅಂದ. ಇನ್ಶೂರೆನ್ಸು ಇಲ್ಲದವರಿಗೆ ಆಂಬುಲೆನ್ಸಿನ ಬಿಲ್ಲು ಅಂದರೆ ಸೆಪ್ಟೆಂಬರ್ ಪೂರ್ತಿ ಹೋಯಿತು. "ನೋ, ನೋ" ಅಂದಳು ಬದರುನ್ನಿಸಾ, ಅರ್ಫಾತ್ ಬಾಯಿ ತೆರೆಯುವ ಮೊದಲೇ. ಅರ್ಫಾತ್ ಜ್ಯೂಸನ್ನು ಅಪ್ಪನ ತುಟಿಗೆ ಹಿಡಿದ. ಅವರು ಮುಖ ತಿರುಗಿಸಿದರು.

"ರೋಜಾ ಐತಿ" ಅಂದರು.

"ಬಟ್ ದಾದಾ, ಇಟ್ಸ್ ಟ್ಯೂಸ್‌ಡೇ" ಅಂದಳು ಇರಮ್.

ಬದರುನ್ನಿಸಾಳ ತಲೆಗೆ ಉಳಿದ ಹಿಟ್ಟು, ಉಳಿದ ಹಾಲು, ಆ ಮೂವತ್ತೆಂಟು ಡಾಲರ್ ಎಲ್ಲ ಒಟ್ಟಿಗೇ ಹೊಳೆದವು. ಯಾ ಅಲ್ಲಾ, ಅಂದುಕೊಂಡಳು. ಅರ್ಫಾತ್ ಬಲವಂತವಾಗಿ ಜ್ಯೂಸು ಕುಡಿಸಿದ. ಹತ್ತು ನಿಮಿಷಕ್ಕೆ ಅವರ ಮುಖಕ್ಕೆ ಬಣ್ಣ ಬಂತು, ಎದ್ದು ಕೂತರು, ಮೊದಲು ಟೋಪಿ ಎಲ್ಲಿ ಅಂತ ಕೇಳಿದರು.

ಮನೆಗೆ ಬಂದ ಮೇಲೆ ಅರ್ಫಾತ್ ಇನ್ನೊಂದು ಕೋಣೆಯಲ್ಲಿ ಪರಿಚಯದ ಡಾಕ್ಟರಿಗೆ ಫೋನು ಮಾಡುತ್ತಿದ್ದ. ಬದರುನ್ನಿಸಾ ಬಿಸಿ ಅನ್ನ, ಬೇಳೆ ಬಡಿಸಿ ಮಾವನ ಎದುರಿಗೆ ಕೂತಳು. ಹೊರಗೆ ಇನ್ನೂ ಬೆಳಕಿತ್ತು.

"ಸಂಗನಬಸಪ್ಪನವರ ಮನೆ ಊಟ, ಅಬ್ಬಾ?"

"ಅಂವ ಊರಿಗೆ ಹೋಗಿ ತಿಂಗಳ ಮ್ಯಾಲಾತು. ಅವನ ಮಗನ ನೌಕರಿನೂ ಹೋತು." ತುತ್ತು ನುಂಗಿ ನೀರು ಕುಡಿದರು. "ಅಂವ ಇದ್ದಾಗ ಎರಡು ಸರ್ತಿ ಉಂಡಿದ್ದು ಖರೆ. ಆಮ್ಯಾಲೆ ಸುಳ್ಳು ಹೇಳಿದೆ."

"ದಿನಾ ರೋಜಾ ಹಿಡೀತಿದ್ರಿ?"

"ಸೋಮವಾರ, ಗುರುವಾರದ್ದಷ್ಟ ರೋಜಾ. ಅದಕ್ಕ ಮನಸಿನ್ಯಾಗ ಸಂಕಲ್ಪ ಹಿಡಿದು ನಿಯ್ಯತ್ ಮಾಡಿದ್ದೆ. ಉಳಿದ ದಿನ ಏನಂತ ಮಾಡಲಿ? ಖರ್ಚು ಉಳಿಸಾಕ ಅಂತ ಅಲ್ಲಾನ ಮುಂದ ನಿಯ್ಯತ್ ಮಾಡಾಕ ಬರತೈತೇನು? ಅದು ಬರೇ ಹಸಿವಿ, ಬೇಟಾ. ಅಂಗಡ್ಯಾಗ ರೋಜಾ ಅಂದಿದ್ದೂ ಸುಳ್ಳ. ಅದೊಂದು ಮನಸ್ಸಿಗೆ ಹತ್ತೈತಿ ನೋಡು."

ಬದರುನ್ನಿಸಾಗೆ ಅಳಬೇಕು ಅನಿಸಿತು. ಅಳು ಬರಲಿಲ್ಲ. ಎದ್ದು ಇನ್ನೊಂದು ಸೌಟು ಬೇಳೆ ಹಾಕಿದಳು. ಕೂಪನ್ನು ಚಾಚಿದ್ದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಳು.

"ಒಂದು ಮಾತು ಹೇಳ್ತೀನಿ" ಅಂದರು ಮೆಹಬೂಬ್ ಸಾಬ್. "ಟಿಕೀಟಿನ ತಾರೀಖು ಬದಲಿ ಮಾಡಿಸಿ ನನ್ನ ಈಗ ಕಳಿಸಿಬಿಡ್ರಿ. ನಿಮಗ ಒಂದು ಹೊಟ್ಟಿ ಕಡಿಮಿ ಆಗ್ತೈತಿ. ನನಗೂ ಇಲ್ಲಿ ಪಾರ್ಕಿನಾಗ ಒಬ್ಬನ ಕುಂತು ಬ್ಯಾಸರ."

ಛೇ, ಏನು ಮಾತು ಅಬ್ಬಾ, ಬ್ಯಾಡ ಅಂದರೆ ಬ್ಯಾಡ. ಯಾವ ಸೊಸೆಯಾದರೂ ಅವರು ಮಾತು ಮುಗಿಸುವುದರೊಳಗೆ ಇಷ್ಟು ಅನ್ನುತ್ತಿದ್ದಳು. ಬದರುನ್ನಿಸಾಳೂ ಅನ್ನುವವಳೇ. ಆದರೆ ಅದಕ್ಕೂ ಮೊದಲು ತಲೆ ತನ್ನಷ್ಟಕ್ಕೆ ತಾನೇ ಓಡಿತು. ತಾರೀಖು ಬದಲಿಸಿದರೆ ಏರ್‌ಲೈನಿನವರ ದಂಡ ನೂರು ಡಾಲರ್. ಇವರ ಊಟ ತಿಂಗಳಿಗೆ ಮೂವತ್ತೆಂಟು, ಆಗಸ್ಟು, ಸೆಪ್ಟೆಂಬರು, ಅಕ್ಟೋಬರು.

"ಬ್ಯಾಡ ಅಬ್ಬಾ" ಅಂದಳು.

ಮಾವ ಊಟ ನಿಲ್ಲಿಸಿ ಆಕೆಯನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಆಕೆ ಲೆಕ್ಕ ಮುಗಿಸಲಿ ಅಂತ ಅವರು ಕಾದಿದ್ದರು, ಅಷ್ಟೇ.

"ಎಷ್ಟು ಉಳಿತೈತಿ?" ಅಂತ ಕೇಳಿದರು.

ಸುಳ್ಳು ಹೇಳುವಷ್ಟು ತ್ರಾಣವೂ ಆಕೆಯಲ್ಲಿ ಉಳಿದಿರಲಿಲ್ಲ.

"ಹದಿನಾಲ್ಕು ಡಾಲರ್, ಅಬ್ಬಾ."

ಮೆಹಬೂಬ್ ಸಾಬ್ ತಲೆಯಾಡಿಸಿದರು. "ಹಂಗಾರ ಇರ್ತೀನಿ ಬಿಡು, ಹದಿನಾಲ್ಕಕ್ಕ ಯಾಕ" ಅಂದು, ತಟ್ಟೆಯಲ್ಲಿದ್ದ ಅನ್ನಕ್ಕೆ ಬೇಳೆ ಕಲಸಿಕೊಂಡು, ಒಂದಗುಳೂ ಬಿಡದೆ ಉಂಡರು.