ದೊಡ್ಡಮ್ಮ ಮುಟ್ಟದ ನಾಯಿ

ನಮ್ಮ ದೊಡ್ಡಮ್ಮನಿಗೆ ಕುರಿಗಳೆಂದರೆ ಪ್ರಾಣ, ನೆಂಟರೆಂದರೆ ತಲೆನೋವು. ನಾಯಿಗಳ ವಿಷಯದಲ್ಲಿ ಮಾತ್ರ ಭಾರೀ ಕಟ್ಟುನಿಟ್ಟು. ಕುರಿ ಕಾಯುವ ನಾಯಿ ಮರಿಯಿದ್ದಾಗಿನಿಂದ ಕುರಿಹಟ್ಟಿಯಲ್ಲೇ ಬೆಳೆಯಬೇಕು, ಕುರಿಗಳ ನಡುವೆಯೇ ಉಂಡು ಮಲಗಬೇಕು, ಅದನ್ನು ಯಾರೂ ಎತ್ತಿ ಮುದ್ದಾಡಬಾರದು. "ಮುದ್ದು ಮಾಡಿದ್ರೆ ಅದು ನಮ್ಮನ್ನ ಕಾಯುತ್ತೆ. ಕುರೀನ ಯಾರು ಕಾಯ್ತಾರೆ, ನಿಮ್ಮಪ್ಪನಾ?" ಎನ್ನುತ್ತಿದ್ದಳು. ನಾವು ಮಕ್ಕಳು ನಾಯಿಮರಿಯ ಕಿವಿ ಮುಟ್ಟಿದರೆ ನಮ್ಮ ಕಿವಿ ಕೆಂಪಾಗುತ್ತಿತ್ತು.

ಅಂಥವಳು ಮೂಟೆಯೆಂಬ ನಾಯಿಯ ವಿಷಯದಲ್ಲಿ ಜಾರಿಬಿದ್ದಳು.

ಮೂಟೆಯನ್ನು ತಂದವನು ಲಾರಿ ಓಡಿಸುವ ನಮ್ಮ ಸೋದರಮಾವ. ತಾಯಿ ಕುರಿನಾಯಿ, ತಂದೆ ಯಾವುದೋ ಕಾರ್ಖಾನೆಯ ಗೇಟು ಕಾಯುವ ಮಾಸ್ಟಿಫ್ ಎಂಬ ದೈತ್ಯ ತಳಿಯ ನಾಯಿ. ದಪ್ಪ ತಲೆ, ಜೋಲು ತುಟಿ. ಕೆಳಗಿಳಿಸಿದ ಮರಿ ಕೂತಲ್ಲಿಂದ ಅಲ್ಲಾಡಲಿಲ್ಲ, ಹಾಗಾಗಿ ಹೆಸರಿಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ದೊಡ್ಡಪ್ಪ ಮೂಗು ಮುರಿದರು.

"ಗೇಟಿನ ರಕ್ತ ಕಣೋ ಇದು, ಮನುಷ್ಯರ ಹಿಂದೆ ಸುತ್ತೋ ಜಾತಿ. ಬೆಳೆದ್ಮೇಲೆ ಕುರಿಮರಿ ಜೊತೆ ಆಟಕ್ಕೆ ನಿಂತು ಹಲ್ಲು ಊರಿದ್ರೆ ಬೇಲೀನೇ ಎದ್ದು ಹೊಲ ಮೇಯ್ದ ಹಾಗೆ."

"ಮೈಕಟ್ಟು ನೋಡಿ ಭಾವ. ತೋಳ ಇದರ ಮುಖ ಕಂಡ್ರೆ ಸಾಕು, ಗುಡ್ಡಾನೇ ಬಿಟ್ಟು ಓಡುತ್ತೆ," ಎಂದ ಮಾವ.

ಹಟ್ಟಿಗೆ ಬಿಟ್ಟ ವಾರದಲ್ಲೇ ಮರಿಗೆ ವಾಂತಿಭೇದಿ ಹಿಡಿಯಿತು. ಪಶುವೈದ್ಯರು ಬಂದು ಸೂಜಿ ಚುಚ್ಚಿ, "ಬೆಚ್ಚಗಿಡಿ, ಆಯಸ್ಸು ಗಟ್ಟಿ ಇದ್ರೆ ಉಳಿಯುತ್ತೆ" ಎಂದು ಹೋದರು. ದೊಡ್ಡಮ್ಮ ಅದನ್ನು ಅಡುಗೆಮನೆಗೆ ತಂದು, ಒಲೆಯ ಪಕ್ಕ ತನ್ನ ಹಳೆಯ ಸ್ವೆಟರ್ ಹಾಸಿ, ಚಮಚದಲ್ಲಿ ಉಪ್ಪುಸಕ್ಕರೆಯ ನೀರು ಕುಡಿಸಿದಳು. ಮರಿ ಉಳಿಯಿತು. ಆದರೆ ಅಡುಗೆಮನೆ ಬಿಡಲಿಲ್ಲ, ನಿಜ ಹೇಳಬೇಕೆಂದರೆ ಇವಳೂ ಬಿಡಿಸಲಿಲ್ಲ. "ಇನ್ನೊಂಚೂರು ಮೈ ಹಿಡೀಲಿ" ಎಂದು ದಿನ ತಳ್ಳಿದಳು. ಅದು ಎಷ್ಟು ಮೈ ಹಿಡಿಯಿತೆಂದರೆ, ಬಾಗಿಲಿಗೆ ಅಡ್ಡ ಮಲಗಿದಾಗ ದೊಡ್ಡಪ್ಪ ಹಿತ್ತಲಿನಿಂದ ಸುತ್ತಿ ಬರಬೇಕಾಗುತ್ತಿತ್ತು.

ಕುರಿಗಳ ಜೊತೆ ಗುಡ್ಡಕ್ಕೆ ಅಟ್ಟಿದರೆ ಮೂಟೆ ಅರ್ಧ ದಾರಿಯಿಂದ ವಾಪಸು ಬಂದು ದೊಡ್ಡಮ್ಮನ ಕಾಲ ಬುಡದಲ್ಲಿ ಧೊಪ್ಪೆಂದು ಬೀಳುತ್ತಿತ್ತು. ಒಂದು ಮಧ್ಯಾಹ್ನ ಅದು ಹೀಗೆ ಬಿದ್ದು ಗೊರಕೆ ಹೊಡೆಯುತ್ತಿದ್ದಾಗ ಗುಡ್ಡದಲ್ಲಿ ತೋಳ ಕುರಿಮರಿಯೊಂದನ್ನು ಹೊತ್ತೊಯ್ದಿತು. ದೊಡ್ಡಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ದೊಡ್ಡಮ್ಮ ಜಗಳ ಗೆಲ್ಲುತ್ತಿದ್ದಳು.

"ಚಳಿ ಮುಗಿಯೋವರೆಗೂ ನೋಡ್ತೀನಿ. ಆಗಲೂ ಕುರಿ ಜೊತೆ ನಿಲ್ಲದಿದ್ರೆ ಕಾರ್ಖಾನೆ ಗೇಟಿಗೆ ಕೊಟ್ಬಿಡೋಣ. ಸರಪಳಿ ಹಾಕಿ ಸಾಕ್ಕೋತಾರೆ," ಎಂದರು.

ಆ ಸರಪಳಿಯ ಮಾತು ಅವಳ ಎದೆಗೆ ಚುಚ್ಚಿತು. ಮರುದಿನವೇ ಕಲ್ಲು ಮನಸ್ಸು ಮಾಡಿ ಅಡುಗೆಮನೆಯ ಬಾಗಿಲು ಹಾಕಿದಳು. ಸ್ವೆಟರನ್ನೂ ಊಟದ ತಟ್ಟೆಯನ್ನೂ ಹಟ್ಟಿಯಲ್ಲಿ ಒಂದು ಮುದಿ ಹೆಣ್ಣುಕುರಿಯ ಪಕ್ಕ ಇಟ್ಟಳು. ಮೂಟೆ ಬಾಗಿಲಾಚೆ ಕುಂಯ್‌ಗುಟ್ಟಿದರೆ ಒಳಗೆ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು. ಹಟ್ಟಿಯಲ್ಲಿ ಅದು ಬಂದು ಅವಳ ಕೈಗೆ ತಲೆಯೊತ್ತಿದರೆ ಕೈ ತೆಗೆದು ಮುದಿಕುರಿಯ ಬೆನ್ನಿಗಿಡುತ್ತಿದ್ದಳು. ನಾಯಿಗೆ ಹೇಳಬೇಕಾದ್ದನ್ನೆಲ್ಲ ಕುರಿಗೆ ಹೇಳುತ್ತಿದ್ದಳು: "ಊಟ ಮಾಡಿದ್ಯಾ ಮಗನೇ? ಯಾಕೋ ಬಡವಾಗಿಬಿಟ್ಟಿದ್ದೀಯ." ಆ ಕುರಿ ಆರು ಮರಿ ಹೆತ್ತಿತ್ತು. ನಾವು ನಕ್ಕರೆ ಗದರುತ್ತಿದ್ದಳು, ಕಣ್ಣು ಮಾತ್ರ ತುಂಬಿರುತ್ತಿತ್ತು.

ಮೂಟೆ ಅವಳ ಕೈ ಓಡಾಡಿದ ಉಣ್ಣೆಯನ್ನು ಮೂಸಿ ಮೂಸಿ, ಕೊನೆಗೆ ಆ ಕುರಿಗೇ ಒರಗಿ ಮಲಗತೊಡಗಿತು. ಆಮೇಲೆ ಅದರ ಹಿಂದೆಯೇ ಗುಡ್ಡಕ್ಕೂ ಹೋಯಿತು. ಚಳಿ ಇಳಿಯುವ ಹೊತ್ತಿಗೆ ತೋಳ ಮತ್ತೆ ಬಂತು. ಮೂಟೆ ಅಟ್ಟಿಸಿಕೊಂಡು ಹೋಗಲಿಲ್ಲ. ಮಂದೆಗೂ ತೋಳಕ್ಕೂ ನಡುವೆ ನಿಂತು, ತೋಳ ಬೆನ್ನು ತಿರುಗಿಸುವವರೆಗೂ ಬೊಗಳಿತು. ಅದನ್ನು ಕಂಡ ದೊಡ್ಡಪ್ಪ ಊಟಕ್ಕೆ ಕೂತಾಗ, "ಇರಲಿ ಬಿಡು ನಿನ್ನ ಮಗ" ಎಂದರು.

ಈಗ ಬೇರೆ ಕುರಿಯವರು ಬಂದು ಈ ಮಿಶ್ರತಳಿ ಕುರಿ ಕಾಯಲು ಆಗುತ್ತದೆಯೇ ಎಂದು ಕೇಳುತ್ತಾರೆ. "ಒಂದು ಮರಿ ಆದ್ರೆ ಇನ್ನೊಂದು ಆಗಲ್ಲ. ಮೈ ಬೇಗ ಬರುತ್ತೆ, ಬುದ್ಧಿ ನಿಧಾನ. ಪ್ರೀತಿ ಜಾಸ್ತಿ, ಅದೇ ಕಷ್ಟ," ಎನ್ನುತ್ತಾಳೆ ದೊಡ್ಡಮ್ಮ.

ಸಂಜೆ ಮಂದೆ ಇಳಿಯುವಾಗ ಅವಳು ಅಂಗಳದಲ್ಲಿ ನಿಂತಿರುತ್ತಾಳೆ. ಮೂಟೆ ಅವಳ ಸೀರೆಗೆ ತಾಗಿಕೊಂಡೇ ಹೋದರೂ ತಲೆ ಎತ್ತುವುದಿಲ್ಲ, ಕುರಿಗಳ ಹಿಂದೆ ನೇರ ಹಟ್ಟಿಗೆ ನಡೆಯುತ್ತದೆ. "ನೋಡು, ನನ್ನ ಗುರುತೇ ಇಲ್ಲ ಅದಕ್ಕೆ," ಎಂದು ಅವಳು ನಮಗೆ ಹೆಮ್ಮೆಯಿಂದ ತೋರಿಸುತ್ತಾಳೆ, ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು.